ಹನ್ನಾ ಅರೆಂಟ್: ಯಹೂದಿ ಅಸ್ಮಿತೆ ಮತ್ತು ಸರ್ವಂಕಷ ಪ್ರಭುತ್ವದ ಚಿಂತನೆ

ಹನ್ನಾ ಅರೆಂಟ್ (1906–1975) ಇಪ್ಪತ್ತನೆಯ ಶತಮಾನದ ಪ್ರಮುಖ ರಾಜಕೀಯ ಚಿಂತಕರಲ್ಲಿ ಒಬ್ಬಳು. ಹುಟ್ಟಿದ್ದು ಜರ್ಮನಿಯ ಯಹೂದಿ ಕುಟುಂಬದಲ್ಲಿ, ಬರೆದು ಹೆಸರಾದದ್ದು ಅಮೆರಿಕದಲ್ಲಿ. ತನ್ನನ್ನು ತತ್ತ್ವಜ್ಞಾನಿ ಎಂದು ಕರೆಯುವುದನ್ನು ಈಕೆ ಒಪ್ಪುತ್ತಿರಲಿಲ್ಲ. ತನ್ನ ಕಸುಬು ರಾಜಕೀಯ ಸಿದ್ಧಾಂತ ಎನ್ನುತ್ತಿದ್ದಳು. ನಾತ್ಸಿ ಜರ್ಮನಿಯಲ್ಲಿ ಮತ್ತು ಸ್ಟಾಲಿನ್ ಕಾಲದ ಸೋವಿಯತ್ ಒಕ್ಕೂಟದಲ್ಲಿ ಕಂಡ ಆಳ್ವಿಕೆ ಹಳೆಯ ದಬ್ಬಾಳಿಕೆಗಳ ಸಾಲಿಗೆ ಸೇರುವಂಥದ್ದಲ್ಲ, ಅದು ಹಿಂದೆಂದೂ ಇಲ್ಲದ ಸರ್ವಂಕಷ ಪ್ರಭುತ್ವ ಎಂದು ವಾದಿಸಿದ 'ದಿ ಒರಿಜಿನ್ಸ್ ಆಫ್ ಟೋಟಾಲಿಟೇರಿಯನಿಸಂ' (1951) ಈಕೆಯ ಮೊದಲ ದೊಡ್ಡ ಕೃತಿ. 'ದಿ ಹ್ಯೂಮನ್ ಕಂಡಿಷನ್' (1958), 'ಐಕ್ಮನ್ ಇನ್ ಜೆರುಸಲೇಮ್' (1963), 'ಆನ್ ರೆವಲ್ಯೂಷನ್' (1963) ಇತರ ಮುಖ್ಯ ಕೃತಿಗಳು.

ಸರ್ವಂಕಷ ಪ್ರಭುತ್ವದ ಬಗ್ಗೆ ಅರೆಂಟ್ ಹೇಳಿದ್ದನ್ನು ಓದುವವರು ಅದಕ್ಕೂ ಮೊದಲು ಯಹೂದಿಯಾಗಿರುವುದರ ಬಗ್ಗೆ ಆಕೆ ಬರೆದದ್ದನ್ನು ಬದಿಗಿಡುವುದೇ ಹೆಚ್ಚು. ಒಂದನ್ನು ರಾಜಕೀಯ ಸಿದ್ಧಾಂತದವರೂ ಇನ್ನೊಂದನ್ನು ಯಹೂದಿ ಅಧ್ಯಯನದವರೂ ಬಹುಕಾಲ ಪಾಲು ಹಾಕಿಕೊಂಡಿದ್ದರು. ಆದರೆ 1951ರ ಗ್ರಂಥದ ಮೊದಲ ಮೂರನೇ ಒಂದು ಭಾಗ ಪೂರ್ತಿ ಯಹೂದಿದ್ವೇಷದ ಚರಿತ್ರೆಗೇ ಮೀಸಲಾಗಿದೆ. ಯಹೂದಿತನ ಆಕೆಗೆ ಧರ್ಮವೂ ಆಗಿರಲಿಲ್ಲ, ಭಾವನೆಯೂ ಆಗಿರಲಿಲ್ಲ. ಅದೊಂದು ರಾಜಕೀಯ ಸಂಗತಿಯಾಗಿತ್ತು. ಆಕೆಯ ಒಳನೋಟಗಳೂ ಎಡವಟ್ಟುಗಳೂ ಈ ಒಂದೇ ಹಿಡಿತದಿಂದ ಬಂದಂಥವು.

ಬಾಳು

ಅರೆಂಟ್ ಹುಟ್ಟಿದ್ದು 1906ರ ಅಕ್ಟೋಬರ್ 14ರಂದು, ಹ್ಯಾನೋವರ್ ಪಕ್ಕದ ಲಿಂಡನ್‌ನಲ್ಲಿ. ಬೆಳೆದದ್ದು ತತ್ತ್ವಜ್ಞಾನಿ ಕಾಂಟ್‌ನ ಊರಾದ ಕೋನಿಗ್ಸ್‌ಬರ್ಗ್‌ನಲ್ಲಿ. ತಂದೆ ಪಾಲ್ ಅರೆಂಟ್ 1913ರಲ್ಲಿ ತೀರಿಕೊಂಡ. ಮನೆಯಲ್ಲಿ ಯಹೂದಿ ಎಂಬ ಮಾತು ಏಳುತ್ತಲೇ ಇರಲಿಲ್ಲವಂತೆ. ಬೀದಿಯ ಮಕ್ಕಳ ಚುಚ್ಚುಮಾತಿನಿಂದಲೇ ಅದು ಆಕೆಗೆ ಗೊತ್ತಾದದ್ದು. ತಾಯಿ ಮಾರ್ತಾ ಇದಕ್ಕೊಂದು ಕಟ್ಟುಪಾಡು ಮಾಡಿದ್ದಳು. ಶಾಲೆಯ ಮೇಷ್ಟರು ಯಹೂದಿಗಳನ್ನು ಹೀಯಾಳಿಸಿದರೆ ಮಗಳು ತಕ್ಷಣ ಎದ್ದು ಮನೆಗೆ ಬರಬೇಕು, ದೂರಿನ ಪತ್ರ ತಾಯಿ ಬರೆಯುತ್ತಾಳೆ. ಹೀಯಾಳಿಸಿದವರು ಓರಗೆಯ ಮಕ್ಕಳಾದರೆ ಮನೆಗೆ ಬಂದು ಹೇಳಕೂಡದು, ಅವರನ್ನು ತಾನೇ ಎದುರಿಸಬೇಕು. ಅರೆಂಟ್ ಮುಂದೆ ಕಟ್ಟಿದ ವಾದಗಳಲ್ಲಿ ಈ ಮನೆಯ ಕಾನೂನಿನ ಗುರುತು ಸಾಕಷ್ಟು ಕಾಣುತ್ತದೆ.

ಮಾರ್‌ಬುರ್ಗ್‌ನಲ್ಲಿ ಮಾರ್ಟಿನ್ ಹೈಡೆಗರ್‌ನ ಕೈಕೆಳಗೆ, ಆಮೇಲೆ ಹೈಡೆಲ್‌ಬರ್ಗ್‌ನಲ್ಲಿ ಕಾರ್ಲ್ ಯಾಸ್ಪರ್ಸ್‌ನ ಕೈಕೆಳಗೆ ಓದಿ, ಸಂತ ಆಗಸ್ಟೀನನಲ್ಲಿ ಪ್ರೀತಿಯ ಪರಿಕಲ್ಪನೆ ಕುರಿತು ಡಾಕ್ಟರೇಟ್ ಪ್ರಬಂಧ ಬರೆದಳು. ಹೈಡೆಗರ್‌ನೊಂದಿಗೆ ಪ್ರೇಮವೂ ಇತ್ತು. ಆತ 1933ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯದ ರೆಕ್ಟರ್ ಆಗಿ ನಾತ್ಸಿ ಪಕ್ಷ ಸೇರಿದ. ಯುದ್ಧ ಮುಗಿದ ಮೇಲೆ ಅರೆಂಟ್ ಅವನ ಸ್ನೇಹಕ್ಕೆ ಮರಳಿದಳು. ಇದರ ಬಗ್ಗೆ ಬರೆದಷ್ಟು ಕೆಲವರು ಆಕೆಯ ಪುಸ್ತಕಗಳ ಬಗ್ಗೆ ಬರೆದಿಲ್ಲ. ಈ ಲೇಖನದ ವಿಷಯಕ್ಕೆ ಯಾಸ್ಪರ್ಸ್ ಹೆಚ್ಚು ಮುಖ್ಯ. ಅವನ ಹೆಂಡತಿ ಯಹೂದಿ. ಅವಳನ್ನು ಬಿಟ್ಟುಕೊಡದೆ ಆತ ಕೆಲಸ ಕಳೆದುಕೊಂಡ. ಅರೆಂಟ್ ಮತ್ತು ಆತ ಕೊನೆಯವರೆಗೂ ಪತ್ರ ಬರೆದುಕೊಂಡರು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಯಹೂದಿಗಳಿಗೆ ಪ್ಯಾಲೆಸ್ಟೈನ್‌ನಲ್ಲಿ ಸ್ವಂತ ನಾಡು ಬೇಕೆನ್ನುವ ಜಿಯೋನಿಸ್ಟ್ ಚಳವಳಿಯ ನಾಯಕ ಕುರ್ಟ್ ಬ್ಲೂಮೆನ್‌ಫೆಲ್ಡ್ ಆಕೆಗೊಂದು ಕೆಲಸ ಒಪ್ಪಿಸಿದ: ಪ್ರಷ್ಯನ್ ರಾಜ್ಯ ಗ್ರಂಥಾಲಯದಲ್ಲಿ ಕೂತು, ಜರ್ಮನಿಯ ಸಂಘಸಂಸ್ಥೆಗಳೂ ವೃತ್ತಿಪತ್ರಿಕೆಗಳೂ ಯಹೂದಿಗಳ ವಿರುದ್ಧ ಬರೆದದ್ದನ್ನೆಲ್ಲ ಕಲೆಹಾಕುವುದು. ಆಕೆ ಸಿಕ್ಕಿಬಿದ್ದು ಎಂಟು ದಿನ ಪೊಲೀಸರ ವಶದಲ್ಲಿದ್ದಳು. ಬಿಡುಗಡೆಯಾದವಳೇ ತಾಯಿಯೊಂದಿಗೆ ಕಾಗದಪತ್ರ ಯಾವುದೂ ಇಲ್ಲದೆ ಚೆಕ್ ಗಡಿ ದಾಟಿ, ಪ್ರಾಗ್ ಮತ್ತು ಜಿನೀವಾ ಮೂಲಕ ಪ್ಯಾರಿಸ್ ಸೇರಿದಳು. ಅಲ್ಲಿ ಯಹೂದಿ ಹದಿಹರೆಯದವರನ್ನು ಪ್ಯಾಲೆಸ್ಟೈನ್‌ಗೆ ಕಳುಹಿಸುವ 'ಯೂತ್ ಅಲಿಯಾ' ಸಂಸ್ಥೆಯಲ್ಲಿ ದುಡಿದಳು. 1940ರ ಮೇ ತಿಂಗಳಲ್ಲಿ ಫ್ರಾನ್ಸ್ ಸರ್ಕಾರ ಆಕೆಯನ್ನು 'ಶತ್ರು ದೇಶದವಳು' ಎಂದು ಗುರ್ಸ್ ಶಿಬಿರಕ್ಕೆ ಹಾಕಿತು. ಯಾವ ಜರ್ಮನಿಯಿಂದ ಓಡಿಬಂದಿದ್ದಳೋ ಆ ಜರ್ಮನಿಯ ಪ್ರಜೆಯೆಂದೇ ಸೆರೆಯಾದದ್ದು. ಫ್ರಾನ್ಸ್ ಸೋತ ಗೊಂದಲದ ದಿನಗಳಲ್ಲಿ ಶಿಬಿರದಿಂದ ಹೊರಬಿದ್ದಳು. ಅಲ್ಲೇ ಉಳಿದ ಅನೇಕರನ್ನು 1942ರಿಂದ ಆಶ್‌ವಿಟ್ಸ್‌ಗೆ ಸಾಗಿಸಲಾಯಿತು. ಗಂಡ ಹೈನ್ರಿಕ್ ಬ್ಲೂಷರ್‌ನೊಂದಿಗೆ ಲಿಸ್ಬನ್ ಮೂಲಕ 1941ರ ಮೇನಲ್ಲಿ ನ್ಯೂಯಾರ್ಕ್ ಮುಟ್ಟಿದಾಗ, ಸ್ಪೇನ್ ಗಡಿಯಲ್ಲಿ ಪ್ರಾಣ ಕಳೆದುಕೊಂಡಿದ್ದ ಗೆಳೆಯ ವಾಲ್ಟರ್ ಬೆಂಯಮಿನ್ ಒಪ್ಪಿಸಿಹೋಗಿದ್ದ ಹಸ್ತಪ್ರತಿ ಆಕೆಯ ಬಳಿ ಇತ್ತು. ಅಮೆರಿಕದ ಪೌರತ್ವ ಸಿಕ್ಕಿದ್ದು 1951ರಲ್ಲಿ. ಹದಿನೆಂಟು ವರ್ಷ ಆಕೆ ಯಾವ ದೇಶಕ್ಕೂ ಸೇರಿರಲಿಲ್ಲ.

ರಾಹೆಲ್ ವಾರ್ನ್‌ಹಾಗನ್

ಯಹೂದಿತನದ ಪ್ರಶ್ನೆಯನ್ನು ಅರೆಂಟ್ ಮೊದಲು ಕೈಗೆತ್ತಿಕೊಂಡದ್ದು ಒಂದು ಜೀವನಚರಿತ್ರೆಯ ರೂಪದಲ್ಲಿ. ರಾಹೆಲ್ ಲೆವಿನ್ ವಾರ್ನ್‌ಹಾಗನ್ (1771–1833) ಬರ್ಲಿನ್‌ನ ಯಹೂದಿ ವ್ಯಾಪಾರಿಯ ಮಗಳು. ಸಿರಿವಂತಿಕೆಯಾಗಲಿ ರೂಪವಾಗಲಿ ಹೇಳಿಕೊಳ್ಳುವಂತಿರಲಿಲ್ಲ, ಮಾತುಗಾರಿಕೆ ಮಾತ್ರ ಅಸಾಧಾರಣ. ಅವಳ ಮನೆಯ ಅಟ್ಟದ ಕೋಣೆಯಲ್ಲಿ 1790ರ ದಶಕದಿಂದ ರಾಜಕುಮಾರರು, ಕವಿಗಳು, ನಟರು, ರಾಯಭಾರಿಗಳು ಕೂಡಿ ಹರಟುತ್ತಿದ್ದರು. ಹೊರಗಿನ ಸಮಾಜದ ಮೇಲುಕೀಳು ಆ ಕೋಣೆಯೊಳಗೆ ನಡೆಯುತ್ತಿರಲಿಲ್ಲ. 1806ರಲ್ಲಿ ನೆಪೋಲಿಯನ್ ಪ್ರಷ್ಯವನ್ನು ಸೋಲಿಸಿದ್ದೇ ತಡ ಜರ್ಮನ್ ರಾಷ್ಟ್ರೀಯತೆ ಬಿಸಿಯೇರಿತು, ಬರುತ್ತಿದ್ದವರು ಬರುವುದನ್ನು ಬಿಟ್ಟರು. ರಾಹೆಲ್ 1814ರಲ್ಲಿ ಕ್ರೈಸ್ತಳಾಗಿ, ಹೆಸರು ಬದಲಿಸಿಕೊಂಡು, ಪ್ರಷ್ಯನ್ ಅಧಿಕಾರಿಯೊಬ್ಬನನ್ನು ಮದುವೆಯಾದಳು. ಆದರೂ ಸಾಯುವ ಹೊತ್ತಿಗೆ, ಜೀವಮಾನವೆಲ್ಲ ನಾಚಿಕೆಯೆನಿಸಿದ್ದ ಯಹೂದಿ ಹುಟ್ಟನ್ನು ಈಗ ಯಾವ ಬೆಲೆಗೂ ಬಿಟ್ಟುಕೊಡಲಾರೆ ಎಂದಳಂತೆ. ಅರೆಂಟ್ ತನ್ನ ಪುಸ್ತಕವನ್ನು ಶುರುಮಾಡುವುದೇ ಈ ಮಾತಿನಿಂದ.

ಬರವಣಿಗೆಯ ಬಹುಪಾಲು 1933ಕ್ಕೆ ಮೊದಲು ಮುಗಿದಿತ್ತು, ಕೊನೆಯ ಅಧ್ಯಾಯಗಳನ್ನು ಪ್ಯಾರಿಸ್‌ನಲ್ಲಿ 1938ರ ಹೊತ್ತಿಗೆ ಬರೆದಳು, ಪುಸ್ತಕ ಅಚ್ಚಾದದ್ದು 1957ರಲ್ಲಿ. (ಈ ಹಸ್ತಪ್ರತಿಯನ್ನೇ ಪ್ರಾಧ್ಯಾಪಕ ಪದವಿಗೆ ಬೇಕಾದ ಪ್ರಬಂಧವೆಂದು ಪರಿಗಣಿಸಿ ಆಕೆಗೆ ಪರಿಹಾರ ಕೊಡಬೇಕು ಎಂದು ಪಶ್ಚಿಮ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 1971ರಲ್ಲಿ ತೀರ್ಪಿತ್ತಿತು.) ಜೀವನಚರಿತ್ರೆ ಎಂದು ಓದಲು ಕೂತವರಿಗೆ ಇದು ಕಷ್ಟದ ಪುಸ್ತಕ. ತಾರೀಖು, ಘಟನೆ ಕಡಿಮೆ. ರಾಹೆಲ್ ತನ್ನೊಳಗೆ ನಡೆಸಿದ ವ್ಯಾಜ್ಯವೇ ಹೆಚ್ಚು.

ಆ ವ್ಯಾಜ್ಯದಿಂದ ಅರೆಂಟ್ ಹೊರತೆಗೆದದ್ದು ಎರಡು ಮಾದರಿಗಳನ್ನು. ಒಂದು ಪರ್ವೆನ್ಯೂ: ತನ್ನವರನ್ನು ಹಿಂದೆ ಬಿಟ್ಟು, ಮೇಲಿನವರ ನಡೆನುಡಿ ಕಲಿತು, ಒಬ್ಬನೇ ಏಣಿ ಹತ್ತುವವನು. ಇನ್ನೊಂದು ಪರಿಯಾ: ಹೊರಗಿಟ್ಟವರ ಮುಂದೆ ಹೊರಗಿನವನಾಗಿಯೇ ನಿಲ್ಲುವವನು. ದಕ್ಷಿಣ ಭಾರತದ ಜಾತಿವ್ಯವಸ್ಥೆಯಿಂದ ಯುರೋಪಿಗೆ ಹೋದ ಈ ಎರಡನೆಯ ಪದವನ್ನು ಮ್ಯಾಕ್ಸ್ ವೇಬರ್ ಯಹೂದಿಗಳ ಸಾಮಾಜಿಕ ಸ್ಥಾನ ಹೇಳಲು ಬಳಸಿದ್ದ. ಅರೆಂಟ್ ಅದನ್ನು ಪಡೆದದ್ದು ಮುಖ್ಯವಾಗಿ ಬರ್ನಾರ್ ಲಜಾರ್‌ನಿಂದ. ಯಹೂದಿ ಸೇನಾಧಿಕಾರಿಯೊಬ್ಬನ ಮೇಲೆ ದೇಶದ್ರೋಹದ ಸುಳ್ಳು ಆರೋಪ ಹೊರಿಸಿದ ಡ್ರೇಫಸ್ ಪ್ರಕರಣದಲ್ಲಿ ಮೊದಲಿಗೇ ದನಿಯೆತ್ತಿದ್ದ ಈ ಫ್ರೆಂಚ್ ಬರಹಗಾರನ ಪ್ರಕಾರ ಪರಿಯಾ ತನ್ನ ಸ್ಥಿತಿಯನ್ನು ಅರಿತರೆ ಸಾಲದು, ಅದರ ವಿರುದ್ಧ ಬಂಡೇಳಬೇಕು. ತನ್ನನ್ನು ತುಳಿಯುವವರ ವಿರುದ್ಧ ಮಾತ್ರವಲ್ಲ, ತುಳಿಯುವವರ ಜೊತೆ ರಾಜಿಯಾದ ತನ್ನವರ ಶ್ರೀಮಂತರ ವಿರುದ್ಧವೂ. 1944ರ ಒಂದು ಪ್ರಬಂಧದಲ್ಲಿ ಕವಿ ಹೈನೆ, ಲಜಾರ್, ಕಾದಂಬರಿಕಾರ ಕಾಫ್ಕ ಮತ್ತು ಚಾಪ್ಲಿನ್‌ನ ಅಲೆಮಾರಿ ಪಾತ್ರವನ್ನು ಒಟ್ಟಿಗಿಟ್ಟು ಇದೇ ಯಹೂದಿಗಳ ಮರೆಯಾದ ಪರಂಪರೆ ಎಂದಳು. ಚಾಪ್ಲಿನ್ ಯಹೂದಿಯಲ್ಲ. ಅದು ಅರೆಂಟ್‌ಗೆ ಗೊತ್ತಿತ್ತು, ಆದರೂ ಅವನನ್ನು ಕೈಬಿಡಲಿಲ್ಲ. ಪೊಲೀಸನನ್ನು ಕಂಡರೆ ತಪ್ಪು ಮಾಡದಿದ್ದರೂ ಓಡುವ ಆ ಪುಟ್ಟ ಮನುಷ್ಯನಲ್ಲಿ ಆಕೆ ಕಂಡದ್ದು ಯಹೂದಿ ಅನುಭವವನ್ನೇ.

1943ರ ಜನವರಿಯಲ್ಲಿ ಅಚ್ಚಾದ 'ವಿ ರೆಫ್ಯೂಜೀಸ್' ಇದೇ ವಿಚಾರದ ಕಹಿಹಾಸ್ಯದ ರೂಪ. ಜರ್ಮನಿಯಲ್ಲಿ ನೂರಕ್ಕೆ ನೂರೈವತ್ತು ಪಾಲು ಜರ್ಮನ್, ವಿಯೆನ್ನಾದಲ್ಲಿ ನೂರೈವತ್ತು ಪಾಲು ಆಸ್ಟ್ರಿಯನ್, ಪ್ಯಾರಿಸ್‌ನಲ್ಲಿ ನೂರೈವತ್ತು ಪಾಲು ಫ್ರೆಂಚ್ ಆಗಲು ಹೊರಡುವ ಕೋನ್ ಎಂಬ ಮಹಾಶಯ ಅದರಲ್ಲಿ ಬರುತ್ತಾನೆ. ನಗು ಬರುತ್ತದೆ, ಆದರೆ ಲೇಖನ ಆತ್ಮಹತ್ಯೆಗಳ ಬಗ್ಗೆಯೂ ಮಾತಾಡುತ್ತದೆ. ನಿರಾಶ್ರಿತ ಎಂಬ ಹಣೆಪಟ್ಟಿಯನ್ನು ಒಪ್ಪದೆ ಬೆಳಿಗ್ಗೆಯೆಲ್ಲ ಆಶಾವಾದಿಗಳಾಗಿ ಓಡಾಡಿ ರಾತ್ರಿ ಗ್ಯಾಸಿನ ನಲ್ಲಿ ತಿರುಗಿಸುವವರ ಬಗ್ಗೆ.

ಯಹೂದಿ ರಾಜಕಾರಣ

ಯಹೂದಿಯೆಂದು ದಾಳಿಗೆ ಒಳಗಾದವನು ಯಹೂದಿಯೆಂದೇ ಎದುರು ನಿಲ್ಲಬೇಕು. ತಾನು ಜರ್ಮನ್, ಅಥವಾ ತಾನು ಬರಿಯ ಮನುಷ್ಯ ಎಂದು ಹೇಳಿಕೊಂಡು ಪ್ರಯೋಜನವಿಲ್ಲ. ಅರೆಂಟ್ ಇದನ್ನು ಹಲವು ಬಾರಿ ಹೇಳಿದ್ದಾಳೆ. 1959ರಲ್ಲಿ ಹ್ಯಾಂಬುರ್ಗ್‌ನಲ್ಲಿ ಲೆಸ್ಸಿಂಗ್ ಪ್ರಶಸ್ತಿ ಪಡೆಯುವಾಗಲೂ, 1964ರಲ್ಲಿ ಗುಂಟರ್ ಗೌಸ್ ಜೊತೆಗಿನ ಪ್ರಸಿದ್ಧ ಟಿವಿ ಸಂದರ್ಶನದಲ್ಲೂ. ನ್ಯೂಯಾರ್ಕ್‌ನ ಜರ್ಮನ್ ಭಾಷೆಯ ವಾರಪತ್ರಿಕೆ 'ಔಫ್‌ಬೌ'ನಲ್ಲಿ 1941ರ ನವೆಂಬರ್‌ನಿಂದ ಆಕೆ ಬರೆದ ಲೇಖನಗಳ ಬೇಡಿಕೆ ಒಂದೇ: ಹಿಟ್ಲರ್ ವಿರುದ್ಧ ಯಹೂದಿಗಳದೇ ಧ್ವಜದಡಿ ಹೋರಾಡುವ ಯಹೂದಿ ಸೈನ್ಯ ಬೇಕು. ಸೈನ್ಯ ಕಟ್ಟಿದರೆ ಯುದ್ಧ ಗೆಲ್ಲಬಹುದೆಂಬ ಭ್ರಮೆಯೇನೂ ಆಕೆಗಿರಲಿಲ್ಲ. ಯುರೋಪಿನ ಜನಾಂಗಗಳಲ್ಲಿ ಒಂದಾಗಿ ಯುದ್ಧಕ್ಕಿಳಿದವರಿಗೆ ಮಾತ್ರ ಯುದ್ಧ ಮುಗಿದ ಮೇಲೆ ಮಾತುಕತೆಯ ಮೇಜಿನಲ್ಲಿ ಕುರ್ಚಿ ಸಿಗುತ್ತದೆ ಎಂಬುದು ಲೆಕ್ಕ.

ಜಿಯೋನಿಸಂ ಜೊತೆ ಆಕೆಯ ನಂಟು ಹದಗೆಟ್ಟದ್ದೂ ಯಹೂದಿಗಳು ಇತರ ಜನಾಂಗಗಳ ನಡುವೆ ತಾವಾಗಿಯೇ ನಿಲ್ಲಬೇಕೆಂಬ ಇದೇ ನಿಲುವಿನ ಕಾರಣಕ್ಕೆ. 1945ರಲ್ಲಿ ಪ್ರಕಟವಾದ 'ಜಿಯೋನಿಸಂ ರೀಕನ್ಸಿಡರ್ಡ್' ಪ್ರಬಂಧದಲ್ಲಿ, ಅರಬರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇಡೀ ಪ್ಯಾಲೆಸ್ಟೈನ್ ಕೇಳುವ ನಿಲುವನ್ನು ಟೀಕಿಸಿದಳು. ನೆರೆಹೊರೆಯವರ ಹಗೆ ಕಟ್ಟಿಕೊಂಡು ದೂರದ ದೊಡ್ಡ ಶಕ್ತಿಯೊಂದರ ಆಸರೆಯಲ್ಲಿ ಬದುಕುವುದು ಹಳೆಯ ಯಹೂದಿ ಧಣಿಗಳ ರಾಜಕೀಯವೇ ಹೊರತು ಬಿಡುಗಡೆಯಲ್ಲ ಎಂದಳು. 1948ರಲ್ಲಿ, ಯಹೂದಿ–ಅರಬ್ ಸಹಬಾಳ್ವೆಗಾಗಿ ದುಡಿಯುತ್ತಿದ್ದ ಜುಡಾ ಮ್ಯಾಗ್ನೆಸ್ ಪರವಾಗಿ ನಿಂತು, ಎರಡೂ ಸಮುದಾಯಗಳ ಒಕ್ಕೂಟ ವ್ಯವಸ್ಥೆಗಾಗಿ ಬರೆದಳು. ಅದೇ ವರ್ಷದ ಡಿಸೆಂಬರ್ 4ರಂದು 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬಂದ ಬಹಿರಂಗ ಪತ್ರಕ್ಕೆ ಐನ್‌ಸ್ಟೈನ್ ಮೊದಲಾದವರ ಜೊತೆ ಸಹಿ ಹಾಕಿದಳು. ಇಸ್ರೇಲಿನ ಮೆನಾಹೆಮ್ ಬೇಗಿನ್‌ನ ಹೊಸ ಪಕ್ಷ ರೀತಿನೀತಿಗಳಲ್ಲಿ ನಾತ್ಸಿ ಮತ್ತು ಫ್ಯಾಸಿಸ್ಟ್ ಪಕ್ಷಗಳಿಗೆ ಹತ್ತಿರವಾಗಿದೆ ಎಂದು ಆ ಪತ್ರ ಎಚ್ಚರಿಸಿತ್ತು. ಮ್ಯಾಗ್ನೆಸ್ ಅಷ್ಟರಲ್ಲಿ ತೀರಿಕೊಂಡಿದ್ದ; ಒಕ್ಕೂಟದ ಮಾತನ್ನು ಕೇಳುವವರು ಯಾರೂ ಉಳಿದಿರಲಿಲ್ಲ.

ಈ ವರ್ಷಗಳಲ್ಲಿ ಆಕೆಯ ಹೊಟ್ಟೆಪಾಡಿನ ಕೆಲಸವೂ ಯಹೂದಿ ಸಂಸ್ಥೆಗಳಲ್ಲೇ. ಶಾಕನ್ ಪ್ರಕಾಶನದಲ್ಲಿ ಸಂಪಾದಕಿಯಾಗಿ, ಆಮೇಲೆ ನಾತ್ಸಿಗಳು ದೋಚಿದ್ದ ಯಹೂದಿ ಪುಸ್ತಕ ಮತ್ತು ಪೂಜಾವಸ್ತುಗಳನ್ನು ಪತ್ತೆಮಾಡಿ ಹಂಚುವ ಸಂಸ್ಥೆಯ ಕಾರ್ಯದರ್ಶಿಯಾಗಿ ದುಡಿದಳು. ಸಿದ್ಧಾಂತ ಬರೆಯುವುದು ಸಂಜೆಯ ಮೇಲೆ.

1951ರ ಗ್ರಂಥ

ಆಶ್‌ವಿಟ್ಸ್ ಸುದ್ದಿ 1943ರಲ್ಲಿ ನ್ಯೂಯಾರ್ಕ್ ಮುಟ್ಟಿದಾಗ ಅರೆಂಟ್ ದಂಪತಿ ಅದನ್ನು ನಂಬಲಿಲ್ಲ. ಯುದ್ಧ ನಡೆಸುತ್ತಿರುವ ದೇಶ ರೈಲು, ಕಲ್ಲಿದ್ದಲು, ಕಾವಲುಗಾರರನ್ನು ಹೀಗೆ ವ್ಯಯ ಮಾಡುವುದಕ್ಕೆ ಸೈನಿಕ ದೃಷ್ಟಿಯಿಂದ ಅರ್ಥವೇ ಇರಲಿಲ್ಲ. ಆಮೇಲೆ ಗ್ರಂಥದ ತಿರುಳಾದದ್ದು ಈ ಅರ್ಥವಿಲ್ಲದಿರುವಿಕೆಯೇ. ಹಳೆಯ ನಿರಂಕುಶ ದೊರೆ ಲಾಭಕ್ಕೋ ಭಯಕ್ಕೋ ಕೊಲ್ಲುತ್ತಿದ್ದ; ಇಲ್ಲಿ ಕೊಲೆಗೆ ಪ್ರಯೋಜನದ ಹಂಗೇ ಇರಲಿಲ್ಲ.

ಗ್ರಂಥದಲ್ಲಿ ಯಹೂದಿದ್ವೇಷ, ಸಾಮ್ರಾಜ್ಯಶಾಹಿ, ಸರ್ವಂಕಷ ಪ್ರಭುತ್ವ ಎಂಬ ಮೂರು ಭಾಗಗಳಿವೆ. ಹೆಸರಿನಲ್ಲಿ 'ಮೂಲಗಳು' ಎಂದಿದ್ದರೂ ಒಂದರಿಂದ ಇನ್ನೊಂದು ಹುಟ್ಟಿತೆಂದು ಆಕೆ ಹೇಳುವುದಿಲ್ಲ. ಬೇರೆಬೇರೆ ಕಡೆ ಬಿದ್ದಿದ್ದ ಘಟಕಗಳು ಒಂದು ಗಳಿಗೆಯಲ್ಲಿ ಕೂಡಿ ಗಟ್ಟಿಯಾದವು, ಹಾಗಾಗಲೇಬೇಕೆಂದೇನೂ ಇರಲಿಲ್ಲ, ಎಂಬುದು ವಾದ. ಇತಿಹಾಸಕಾರರಿಗೆ ಈ ಕ್ರಮ ಹಿಡಿಸಲಿಲ್ಲ. ರಾಜಕೀಯ ಚಿಂತಕ ಎರಿಕ್ ವೊಗೆಲಿನ್ 1953ರ ತನ್ನ ವಿಮರ್ಶೆಯಲ್ಲಿ ಈ ವ್ಯಾಧಿಯ ಬೇರು ದೇವರನ್ನು ತೊರೆದ ಆಧುನಿಕತೆಯಲ್ಲಿದೆ ಎಂದಾಗ, ಅರೆಂಟ್ ವಿಚಾರಗಳ ವಂಶಾವಳಿ ಬೇರೆ, ನಡೆದ ಘಟನೆ ಬೇರೆ ಎಂದು ಉತ್ತರಿಸಿದಳು.

ಮೊದಲ ಭಾಗದಲ್ಲಿ ಆಕೆ ಎರಡು ಸಿದ್ಧ ವಿವರಣೆಗಳನ್ನು ತಳ್ಳಿಹಾಕುತ್ತಾಳೆ. ಯಹೂದಿಗಳು ಸಿಕ್ಕವರ ಕೈಗೆ ಸಿಕ್ಕ ಬಲಿಪಶುಗಳು ಎಂಬುದು ಒಂದು. ಯಹೂದಿದ್ವೇಷ ಎರಡು ಸಾವಿರ ವರ್ಷಗಳಿಂದ ಹೀಗೇ ಇದೆ, ಅದು ಸನಾತನ ಎಂಬುದು ಇನ್ನೊಂದು. ಎರಡರಲ್ಲೂ ಯಹೂದಿಗಳು ಚರಿತ್ರೆಯ ಪಾತ್ರಧಾರಿಗಳಲ್ಲ, ಬರಿಯ ಗುರಿಹಲಗೆ. ಅರೆಂಟ್ ಕೇಳುವುದು, ಈ ದ್ವೇಷ ರಾಜಕೀಯ ಚಳವಳಿಯಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಏಕೆ ಎಂದು. ಉತ್ತರ ಹೀಗೆ: ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಅರಸರಿಗೆ ಸಾಲ ಕೊಡುತ್ತಿದ್ದ ಆಸ್ಥಾನದ ಯಹೂದಿಗಳು, ಮುಂದೆ ಫ್ರಾಂಕ್‌ಫರ್ಟ್, ಲಂಡನ್, ಪ್ಯಾರಿಸ್, ವಿಯೆನ್ನಾ, ನೇಪಲ್ಸ್‌ಗಳಲ್ಲಿ ಹರಡಿದ ರಾತ್ಸ್‌ಚೈಲ್ಡ್ ಸಹೋದರರು, ಪ್ರಭುತ್ವಕ್ಕೆ ಬೇಕಾದ ಹಣ ಒದಗಿಸಿದರು. ಪ್ರತಿಯಾಗಿ ರಕ್ಷಣೆ ಪಡೆದರು. ಹೀಗಾಗಿ ಪ್ರಭುತ್ವದ ಮೇಲೆ ಮುನಿದ ವರ್ಗವೆಲ್ಲ ಯಹೂದಿಗಳ ಮೇಲೂ ಮುನಿಯಿತು. ಸಾಮ್ರಾಜ್ಯ ವಿಸ್ತರಣೆಯ ಕಾಲದಲ್ಲಿ ಬಂಡವಾಳಗಾರರೇ ಪ್ರಭುತ್ವದ ಹಣಕಾಸಿಗೆ ಕೈಹಾಕಿದಾಗ ಯಹೂದಿ ಸಾಲಿಗರ ಕೆಲಸ ಮುಗಿಯಿತು, ಸಂಪತ್ತು ಮಾತ್ರ ಉಳಿಯಿತು. ಅಧಿಕಾರವಿದ್ದ ಶ್ರೀಮಂತನನ್ನು ಜನ ಸಹಿಸುತ್ತಾರೆ, ಕೆಲಸವಿಲ್ಲದೆ ಸಿರಿ ಮಾತ್ರ ಉಳಿದವನನ್ನು ಸಹಿಸುವುದಿಲ್ಲ. ಫ್ರೆಂಚ್ ಕ್ರಾಂತಿಯ ಮುನ್ನಿನ ಶ್ರೀಮಂತವರ್ಗದ ಬಗ್ಗೆ ತೋಕ್ವಿಲ್ ಹೇಳಿದ್ದನ್ನು ಅರೆಂಟ್ ಇಲ್ಲಿಗೆ ತರುತ್ತಾಳೆ.

ವಾದ ಚುರುಕಾಗಿದೆ, ಆದರೆ ಲೆಕ್ಕ ಪೂರ್ತಿ ಕೂಡಿಬರುವುದಿಲ್ಲ. ನಾತ್ಸಿಗಳ ಕೈಯಲ್ಲಿ ಸತ್ತವರಲ್ಲಿ ಬಹುಪಾಲು ಪೋಲೆಂಡ್ ಮತ್ತು ಸೋವಿಯತ್ ಒಕ್ಕೂಟದ ಬಡ ದರ್ಜಿಗಳು, ಚಮ್ಮಾರರು, ಕಿರಾಣಿ ಅಂಗಡಿಯವರು. ಬ್ಯಾಂಕರ್‌ಗಳ ಚರಿತ್ರೆ ಅವರ ಚರಿತ್ರೆಯಲ್ಲ.

ಇದೇ ಭಾಗದಲ್ಲಿ ಬರುವ ಸಮಾಜದ ವಿಶ್ಲೇಷಣೆ ಹೆಚ್ಚು ಆಳದ್ದು, ರಾಹೆಲ್ ಪುಸ್ತಕ ಫಲಿಸುವುದೂ ಇಲ್ಲೇ. ಯುರೋಪಿನ ಉನ್ನತ ಸಮಾಜ ಯಹೂದಿಗಳನ್ನು ಒಳಗೆ ಬಿಟ್ಟುಕೊಂಡದ್ದು ಸಮಾನರೆಂದಲ್ಲ, ಅಪವಾದಗಳೆಂದು. ಯಹೂದಿಯಾಗಿರಬೇಕು, ಆದರೆ ಉಳಿದ ಯಹೂದಿಗಳ ಹಾಗಿರಬಾರದು. ಸಮಾನ ಹಕ್ಕಿನ ರಾಜಕೀಯ ಪ್ರಶ್ನೆಯನ್ನು ಒಬ್ಬೊಬ್ಬರೂ ಹೀಗೆ ಸ್ವಂತ ಏಳಿಗೆಯ ಪ್ರಶ್ನೆಯಾಗಿ ಬದಲಿಸಿಕೊಂಡರು. ಪರಿಣಾಮವಾಗಿ ಯಹೂದಿ ಎಂದರೆ ಒಂದು ಧರ್ಮಕ್ಕೆ ಸೇರಿದವನು ಎಂಬುದು ಹೋಗಿ, ರಕ್ತದಲ್ಲೇ ಇರುವ ಒಂದು ಮನೋಗುಣ ಎಂಬುದು ಬಂತು. ಪ್ರೂಸ್ತ್‌ನ ಕಾದಂಬರಿಯ ಸಲೂನ್‌ಗಳಲ್ಲಿ ಈ ಗುಣಕ್ಕೆ ಆಕರ್ಷಣೆಯೂ ಇತ್ತು. ಅರೆಂಟ್ ಹಾಕುವ ಕೊಂಡಿ ಇದು: ಧರ್ಮ ತಪ್ಪಾದರೆ ಮತಾಂತರದಿಂದ ತಪ್ಪಿಸಿಕೊಳ್ಳಬಹುದು; ಹುಟ್ಟುಗುಣವೇ ತಪ್ಪಾದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅಪರಾಧಕ್ಕೆ ಶಿಕ್ಷೆ ಇದೆ, ಹುಟ್ಟಿಗೆ ಅಂಟಿದ ದುರ್ಗುಣಕ್ಕೆ ನಿರ್ಮೂಲನವೊಂದೇ. ಸಲೂನ್‌ನ ಕುತೂಹಲದಿಂದ ಅನಿಲಕೋಣೆಗೆ ನೇರ ದಾರಿ ಇತ್ತೆಂದು ಆಕೆ ಹೇಳುವುದಿಲ್ಲ. ಆದರೆ ಒಂದು ಜನಸಮುದಾಯ ಏನು ಮಾಡಿತು ಎಂಬುದನ್ನು ಬಿಟ್ಟು ಅದು ಏನು ಎಂಬುದನ್ನೇ ಕೇಳುವ ಅಭ್ಯಾಸ ಅಲ್ಲಿ ಸಿದ್ಧವಾಯಿತು.

ಎರಡನೆಯ ಭಾಗ ಭಾರತೀಯ ಓದುಗರಿಗೆ ಹತ್ತಿರದ್ದು. ಆಫ್ರಿಕಾ ಮತ್ತು ಏಷ್ಯಾದಲ್ಲಿ ಯುರೋಪಿನವರು ಎರಡು ಹೊಸ ಆಳ್ವಿಕೆಯ ಸಾಧನಗಳನ್ನು ಕಂಡುಕೊಂಡರು ಎನ್ನುತ್ತಾಳೆ: ಜನಾಂಗವಾದ ಮತ್ತು ಅಧಿಕಾರಶಾಹಿ. ದಕ್ಷಿಣ ಆಫ್ರಿಕದ ವಸಾಹತುಗಾರ ಸೆಸಿಲ್ ರೋಡ್ಸ್‌ನ ಕೊನೆಯಿಲ್ಲದ ವಿಸ್ತರಣೆಯ ಹಸಿವು, ಭಾರತದಲ್ಲಿ ಕೆಲಸ ಕಲಿತು ಈಜಿಪ್ಟ್ ಆಳಿದ ಲಾರ್ಡ್ ಕ್ರೋಮರ್‌ನ ಕಾಗದದ ಆಳ್ವಿಕೆ, ಇವುಗಳ ವಿವರ ಇಲ್ಲಿದೆ. ಬ್ರಿಟಿಷ್ ಇಂಡಿಯಾದ ಅಧಿಕಾರಿಯೊಬ್ಬ ಎ. ಕಾರ್ಥಿಲ್ ಎಂಬ ಗುಪ್ತನಾಮದಲ್ಲಿ 1920ರ ದಶಕದಲ್ಲಿ ಬರೆದ 'ದಿ ಲಾಸ್ಟ್ ಡೊಮಿನಿಯನ್' ಪುಸ್ತಕವನ್ನು ಆಕೆ ಓದಿದ್ದಳು. ಭಾರತವನ್ನು ಉಳಿಸಿಕೊಳ್ಳಲು ಆಡಳಿತಾತ್ಮಕ ಹತ್ಯಾಕಾಂಡವೂ ಒಂದು ದಾರಿ ಎಂಬ ವಿಚಾರ ಅಲ್ಲಿ ಬರುತ್ತದೆ. ಹಾಗೆ ನಡೆಯಲಿಲ್ಲ, ತಾಯ್ನಾಡಿನ ಕಾನೂನು ಅಲ್ಲಿನ ಅಧಿಕಾರಿಗಳ ಕೈ ಕಟ್ಟಿಹಾಕಿತ್ತು. ಆದರೆ ಕೊಲೆಯನ್ನು ಕಡತದ ಕೆಲಸವಾಗಿ ನೆನೆಯುವುದು ಹಿಟ್ಲರ್‌ಗಿಂತ ಮೊದಲೇ ಸಾಧ್ಯವಾಗಿತ್ತು, ವಸಾಹತುಗಳಲ್ಲಿ ಬಿತ್ತಿದ್ದು ಯುರೋಪಿಗೇ ಮರಳಿತು ಎಂಬ ಆಕೆಯ ವಾದಕ್ಕೆ ಇದೊಂದು ಸಾಕ್ಷಿ.

ಹಕ್ಕು ಪಡೆಯುವ ಹಕ್ಕು

ಎರಡನೆಯ ಭಾಗದ ಕೊನೆಯ ಅಧ್ಯಾಯ ಇಡೀ ಗ್ರಂಥದ ಕೇಂದ್ರ. ಮೊದಲ ಮಹಾಯುದ್ಧದ ನಂತರ ಸಾಮ್ರಾಜ್ಯಗಳು ಒಡೆದು ರಾಷ್ಟ್ರಪ್ರಭುತ್ವಗಳಾದಾಗ ಲಕ್ಷಾಂತರ ಜನ ಯಾವ ದೇಶಕ್ಕೂ ಬೇಡವಾದರು. ಮನುಷ್ಯನಾಗಿ ಹುಟ್ಟಿದ್ದಕ್ಕೇ ಬರುವ ಹಕ್ಕುಗಳೆಂದು 1789ರ ಫ್ರೆಂಚ್ ಕ್ರಾಂತಿಯಿಂದ ಹೇಳಿಕೊಂಡು ಬಂದಿದ್ದವು ನಿಜವಾಗಿಯೂ ನೆರವಿಗೆ ಬರಬೇಕಾದದ್ದು ಮನುಷ್ಯತ್ವ ಬಿಟ್ಟು ಬೇರೇನೂ ಉಳಿಯದ ಇಂಥವರಿಗೆ. ಅವರಿಗೇ ಅವು ಸಿಗಲಿಲ್ಲ. ಪೌರತ್ವ ಹೋದರೆ ಮಾನವ ಹಕ್ಕೂ ಹೋಗುತ್ತದೆ. ಪೌರತ್ವವಿಲ್ಲದವನು ಸಣ್ಣದೊಂದು ಕಳ್ಳತನ ಮಾಡಿದರೆ ಅವನ ಸ್ಥಿತಿ ಸುಧಾರಿಸುತ್ತದೆ ಎಂಬ ಆಕೆಯ ಅವಲೋಕನ ಕಟುವಾದದ್ದು: ಕಳ್ಳನಿಗಾದರೋ ವಕೀಲ ಸಿಗುತ್ತಾನೆ, ವಿಚಾರಣೆ ನಡೆಯುತ್ತದೆ, ಕಾನೂನು ಅವನನ್ನು ಕಾಣುತ್ತದೆ. ಆದ್ದರಿಂದ ಎಲ್ಲಕ್ಕೂ ಮೊದಲಿನದು ಹಕ್ಕು ಪಡೆಯುವ ಹಕ್ಕು, ಅಂದರೆ ತನ್ನ ಮಾತಿಗೂ ನಡೆಗೂ ಬೆಲೆಯಿರುವ ಒಂದು ರಾಜಕೀಯ ಸಮುದಾಯಕ್ಕೆ ಸೇರಿರುವುದು.

ನಾತ್ಸಿಗಳು ಇದನ್ನು ಚೆನ್ನಾಗಿ ಅರಿತಿದ್ದರು. 1935ರ ನ್ಯೂರೆಂಬರ್ಗ್ ಕಾನೂನು ಯಹೂದಿಗಳನ್ನು ಎರಡನೆಯ ದರ್ಜೆಗೆ ಇಳಿಸಿತು. 1941ರ ನವೆಂಬರ್‌ನ ಆಜ್ಞೆ, ಗಡಿ ದಾಟಿಸಲ್ಪಟ್ಟ ಯಹೂದಿಯ ಪೌರತ್ವ ದಾಟಿದ ಕ್ಷಣವೇ ರದ್ದಾಗುವಂತೆ ಮಾಡಿತು. ತಮ್ಮವರು ಎಂದು ಯಾವ ದೇಶವೂ ಕೇಳಿಬರದ ಸ್ಥಿತಿಗೆ ತಂದ ಮೇಲೆಯೇ ಕೊಲೆ. ಗುರ್ಸ್‌ನಲ್ಲಿ ಕೂತಿದ್ದ ಹೆಂಗಸಿಗೆ ಇದು ಗ್ರಂಥಾಲಯದಲ್ಲಿ ದೊರೆತ ತಿಳಿವಳಿಕೆಯಲ್ಲ.

ಇಸ್ರೇಲ್ ಸ್ಥಾಪನೆಯಿಂದ ಯಹೂದಿಗಳ ಪ್ರಶ್ನೆ ಬಗೆಹರಿಯಿತು, ಆದರೆ ಏಳೆಂಟು ಲಕ್ಷ ಅರಬರು ಹೊಸದಾಗಿ ನಾಡಿಲ್ಲದವರಾದರು ಎಂದು ಆಕೆ ಇದೇ ಅಧ್ಯಾಯದಲ್ಲಿ ಬರೆಯುತ್ತಾಳೆ. ಅಲ್ಲಿ ಪುಟ್ಟ ನೆಲದಲ್ಲಿ ಆದದ್ದೇ ಭಾರತದ ವಿಭಜನೆಯಲ್ಲಿ ಹಲವು ದಶಲಕ್ಷ ಜನರ ಪ್ರಮಾಣದಲ್ಲಿ ಮರುಕಳಿಸಿತು ಎಂದೂ ಸೇರಿಸುತ್ತಾಳೆ.

ಭಯ ಮತ್ತು ತರ್ಕ

ಮೂರನೆಯ ಭಾಗ ಸರ್ವಂಕಷ ಪ್ರಭುತ್ವದ ರಚನೆಯನ್ನು ಬಿಡಿಸಿಡುತ್ತದೆ. ಇದು ವರ್ಗಗಳ ಚಳವಳಿಯಲ್ಲ. ವರ್ಗ, ಸಂಘ, ಪಕ್ಷಗಳೆಲ್ಲ ಕುಸಿದು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಚೆದುರಿದ ಜನಸ್ತೋಮದ ಚಳವಳಿ. ಇದಕ್ಕೆ ಶತ್ರು ಎಂದರೆ ಎದುರು ಬಿದ್ದವನಲ್ಲ. ಸಿದ್ಧಾಂತವೇ ಮೊದಲು ಗೊತ್ತುಮಾಡಿದ 'ವಸ್ತುನಿಷ್ಠ ಶತ್ರು': ನಿನ್ನೆ ಯಹೂದಿ, ಇನ್ನೊಂದು ಕಡೆ ಕುಲಕ್ ಎನಿಸಿಕೊಂಡ ಸ್ಥಿತಿವಂತ ರೈತ, ನಾಳೆ ಮತ್ತೊಬ್ಬ. ಅವನ ಅಭಿಪ್ರಾಯ ಏನೆಂಬುದು ಯಾರಿಗೂ ಬೇಕಿಲ್ಲ. ಮಾಂಟೆಸ್ಕ್ಯೂ ಪ್ರಕಾರ ಗಣರಾಜ್ಯ ನಡೆಯುವುದು ಸದ್ಗುಣದಿಂದ, ರಾಜಪ್ರಭುತ್ವ ಗೌರವದಿಂದ, ನಿರಂಕುಶತೆ ಅಂಜಿಕೆಯಿಂದ. 1953ರಲ್ಲಿ ಬರೆದು 1958ರ ಎರಡನೆಯ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ ಅರೆಂಟ್ ಈ ಪಟ್ಟಿ ಇಲ್ಲಿ ಸಾಲದು ಎನ್ನುತ್ತಾಳೆ. ಹೇಗೆ ನಡೆದುಕೊಂಡರೂ ಸುರಕ್ಷಿತನಲ್ಲ ಎಂದಾದಾಗ ಅಂಜಿಕೆ ದಾರಿ ತೋರುವುದಿಲ್ಲ. ಜನರನ್ನು ಅಲ್ಲಿ ನಡೆಸುವುದು ಸಿದ್ಧಾಂತದ ತರ್ಕ. ಇತಿಹಾಸ ವರ್ಗಗಳ ಕದನ, ಅಥವಾ ಜನಾಂಗಗಳ ಕದನ ಎಂಬ ಒಂದು ಮಾತನ್ನು ಒಪ್ಪಿಕೊಂಡರೆ ಮಿಕ್ಕಿದ್ದೆಲ್ಲ ಲೆಕ್ಕದ ಹಾಗೆ ಸಾಲಾಗಿ ಬರುತ್ತದೆ. ಕಣ್ಣೆದುರಿನ ಅನುಭವ ಅದನ್ನು ಅಲುಗಿಸಲಾರದು. ಈ ತರ್ಕ ಹಿಡಿಸುವುದು ಒಂಟಿತನದಲ್ಲಿ ಬೆಂದವರಿಗೆ. ಏಕಾಂತದಲ್ಲಿರುವವನಿಗೆ ತನ್ನ ಜೊತೆಯಾದರೂ ಇದೆ. ಒಂಟಿಯಾದವನಿಗೆ ಅದೂ ಇಲ್ಲ.

ಯಾತನಾ ಶಿಬಿರ ಈ ವ್ಯವಸ್ಥೆಯ ಪ್ರಯೋಗಶಾಲೆ. ಮನುಷ್ಯನನ್ನು ಅಲ್ಲಿ ಮೂರು ಹಂತದಲ್ಲಿ ಮುಗಿಸಲಾಗುತ್ತದೆ. ಕಾನೂನಿನ ಕಣ್ಣಿನ ವ್ಯಕ್ತಿಯನ್ನು ಮೊದಲು ಇಲ್ಲವಾಗಿಸುವುದು. ಆಮೇಲೆ ನೈತಿಕ ವ್ಯಕ್ತಿಯನ್ನು, ಅಂದರೆ ಮೂವರು ಮಕ್ಕಳಲ್ಲಿ ಯಾರು ಸಾಯಬೇಕೆಂದು ತಾಯಿಯನ್ನೇ ಆರಿಸಲು ಹೇಳಿ, ಒಳ್ಳೆಯದನ್ನು ಆರಿಸುವುದೇ ಅಸಾಧ್ಯವಾಗುವಂತೆ ಮಾಡುವುದು. ಕೊನೆಗೆ ಒಬ್ಬನನ್ನು ಇನ್ನೊಬ್ಬನಿಂದ ಬೇರೆಯಾಗಿಸುವ ಅನನ್ಯತೆಯನ್ನೂ ಅಳಿಸುವುದು. ಮನುಷ್ಯರನ್ನು ಮನುಷ್ಯರಾಗಿಯೇ ಅನಗತ್ಯಗೊಳಿಸುವ ಈ ಕೇಡನ್ನು ಹೇಳಲು ಆಕೆ ಕಾಂಟ್‌ನಿಂದ 'ಆಮೂಲ ಕೇಡು' ಎಂಬ ಮಾತನ್ನು ಎರವಲು ಪಡೆದಳು. ಇದಕ್ಕೆ ಇದಿರಾಗಿ ಆಕೆ ಇಟ್ಟದ್ದು ಆಗಸ್ಟೀನನಿಂದ ಕಲಿತ ಒಂದು ವಿಚಾರ: ಹುಟ್ಟುವ ಪ್ರತಿ ಮನುಷ್ಯನೂ ಹೊಸತನ್ನು ಶುರುಮಾಡಬಲ್ಲವನು. 'ದಿ ಹ್ಯೂಮನ್ ಕಂಡಿಷನ್' ಬೆಳೆದದ್ದು ಈ ಎಳೆಯಿಂದ.

ಸೋವಿಯತ್ ಭಾಗ ತೆಳುವಾಗಿದೆ ಎಂಬ ಟೀಕೆ ಮೊದಲಿನಿಂದಲೂ ಇದೆ, ಅದು ನ್ಯಾಯವಾದದ್ದು. ಯಹೂದಿದ್ವೇಷ ಮತ್ತು ಸಾಮ್ರಾಜ್ಯಶಾಹಿ ಸ್ಟಾಲಿನ್‌ನ ರಷ್ಯಕ್ಕೆ ಹೇಗೆ ದಾರಿಯಾದವು ಎಂಬುದನ್ನು ಗ್ರಂಥ ತೋರಿಸಿಕೊಡುವುದಿಲ್ಲ. ಕೊರತೆ ಆಕೆಗೂ ಗೊತ್ತಿತ್ತು. ಅದನ್ನು ತುಂಬಲು 1952ರಲ್ಲಿ ಮಾರ್ಕ್ಸ್‌ವಾದದ ಬಗ್ಗೆ ಪುಸ್ತಕ ಹಿಡಿದಳು, ಮುಗಿಸಲಿಲ್ಲ.

ಐಕ್ಮನ್ ವಿಚಾರಣೆ

ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡಿದ್ದ ಅಡಾಲ್ಫ್ ಐಕ್ಮನ್‌ನನ್ನು ಇಸ್ರೇಲಿನ ಗೂಢಚಾರರು 1960ರ ಮೇ ತಿಂಗಳಲ್ಲಿ ಬ್ಯುನೋಸ್ ಐರಿಸ್‌ನಿಂದ ಹಿಡಿದು ತಂದರು. 1961ರ ಏಪ್ರಿಲ್ 11ರಂದು ಜೆರುಸಲೇಮ್‌ನಲ್ಲಿ ವಿಚಾರಣೆ ಶುರುವಾಯಿತು. ಅರೆಂಟ್ 'ದಿ ನ್ಯೂಯಾರ್ಕರ್' ಪತ್ರಿಕೆಯ ವರದಿಗಾರ್ತಿಯಾಗಿ ಹೋದಳು. ವಿಚಾರಣೆಯ ಒಂದು ಭಾಗವನ್ನು ಮಾತ್ರ ಕೂತು ನೋಡಿ, ಉಳಿದದ್ದನ್ನು ದಾಖಲೆಗಳಿಂದ ಓದಿದಳು. 1963ರಲ್ಲಿ ಐದು ಕಂತುಗಳಲ್ಲಿ ಬಂದ ಬರಹ ಅದೇ ವರ್ಷ ಪುಸ್ತಕವಾಯಿತು.

ಗಾಜಿನ ಪಂಜರದಲ್ಲಿ ಆಕೆ ಕಂಡದ್ದು ರಾಕ್ಷಸನನ್ನಲ್ಲ. ಸವಕಲು ಮಾತುಗಳಲ್ಲೇ ಯೋಚಿಸುವ, ಬಡ್ತಿಯ ಚಿಂತೆಯ, ನ್ಯಾಯಾಲಯದಲ್ಲಿ ಕಾಂಟ್‌ನ ನೈತಿಕ ನಿಯಮವನ್ನೂ ಉದ್ಧರಿಸಿದ ಒಬ್ಬ ಕಚೇರಿ ಮನುಷ್ಯನನ್ನು. ಎದುರಿನವನ ಜಾಗದಲ್ಲಿ ನಿಂತು ನೋಡುವ ಶಕ್ತಿಯೇ ಅವನಿಗಿರಲಿಲ್ಲ. ಕೇಡಿನ ಮಾಮೂಲಿತನ ಎಂಬ ಆಕೆಯ ಮಾತು ಇಲ್ಲಿಂದ ಹುಟ್ಟಿತು. ನಾತ್ಸಿಗಳಿಗೆ ಸೈತಾನನ ಹಿರಿಮೆ ಕೊಡಬೇಡ, ಅವರನ್ನು ಅವರ ಕ್ಷುದ್ರತೆಯಲ್ಲೇ ನೋಡಬೇಕು ಎಂದು ಯಾಸ್ಪರ್ಸ್ 1946ರಲ್ಲೇ ಆಕೆಗೆ ಬರೆದಿದ್ದ. ಐಕ್ಮನ್ ನಿರಪರಾಧಿ ಎಂದು ಆಕೆ ಹೇಳಿದಳೆಂಬುದು ಈಗಲೂ ಕೇಳಿಬರುವ ತಪ್ಪು ಓದು. ಮರಣದಂಡನೆಯನ್ನು ಆಕೆ ಒಪ್ಪಿದಳು, ಕಾರಣವನ್ನು ಮಾತ್ರ ತಾನೇ ಬರೆದಳು: ಭೂಮಿಯ ಮೇಲೆ ಯಾರು ಬಾಳಬೇಕು, ಯಾರು ಬಾಳಬಾರದು ಎಂದು ಆರಿಸುವ ಹಕ್ಕು ತನಗಿದೆ ಎಂದುಕೊಂಡವನ ಜೊತೆ ಬಾಳಲು ಯಾರನ್ನೂ ಒತ್ತಾಯಿಸುವಂತಿಲ್ಲ. ಅಪರಾಧ ಯಹೂದಿಗಳ ಮೈಮೇಲೆ ನಡೆದದ್ದು, ಆದರೆ ಎಸಗಿದ್ದು ಮನುಕುಲದ ವಿರುದ್ಧ ಎಂಬುದು ಆಕೆಯ ನಿಲುವು.

ಬಿರುಗಾಳಿ ಎದ್ದದ್ದು ಇದಕ್ಕಿಂತ ಹೆಚ್ಚಾಗಿ, ನಾತ್ಸಿಗಳು ನೇಮಿಸಿದ್ದ ಯಹೂದಿ ಮಂಡಳಿಗಳ ಬಗ್ಗೆ ಬರೆದ ಕೆಲವೇ ಪುಟಗಳಿಗೆ. ಪಟ್ಟಿ ಮಾಡಿಕೊಟ್ಟು, ಆಸ್ತಿಯ ಲೆಕ್ಕ ಒಪ್ಪಿಸಿ, ಪೊಲೀಸ್ ಪಡೆ ಒದಗಿಸಿದ ಈ ಮಂಡಳಿಗಳು ಸಹಕರಿಸದೆ ಇದ್ದಿದ್ದರೆ ಗೊಂದಲವಾಗುತ್ತಿತ್ತು, ಆದರೆ ಸತ್ತವರ ಸಂಖ್ಯೆ ಕಡಿಮೆಯಾಗುತ್ತಿತ್ತು ಎಂದಳು. ಆಧಾರ ಇತಿಹಾಸಕಾರ ರೌಲ್ ಹಿಲ್‌ಬರ್ಗ್‌ನ 1961ರ ಸಂಶೋಧನೆ. ಧಣಿಗಳ ಜೊತೆ ರಾಜಿಯಾದ ತನ್ನವರನ್ನು ಬಿಡಬೇಡ ಎಂಬ ಲಜಾರ್‌ನ ಪಾಠವೇ ಇಲ್ಲಿಯೂ ಕೆಲಸ ಮಾಡಿದೆ. ಆದರೆ ಡ್ರೇಫಸ್ ಕಾಲದ ಪ್ಯಾರಿಸ್‌ನಲ್ಲಿ ನಾಯಕರಿಗಿದ್ದ ಆಯ್ಕೆ 1942ರ ವಾರ್ಸಾದಲ್ಲಿರಲಿಲ್ಲ. ಮಕ್ಕಳನ್ನೂ ಒಪ್ಪಿಸಬೇಕಾಗಿ ಬಂದಾಗ ವಾರ್ಸಾ ಮಂಡಳಿಯ ಅಧ್ಯಕ್ಷ ಆಡಂ ಚೆರ್ನಿಯಾಕೊವ್ ಆ ವರ್ಷದ ಜುಲೈ 23ರಂದು ವಿಷ ಕುಡಿದ. ಸೋವಿಯತ್ ನೆಲದಲ್ಲಿ ಮಂಡಳಿಗಳ ನೆರವಿಲ್ಲದೆಯೇ ಜನರನ್ನು ಹಳ್ಳಗಳ ಅಂಚಿನಲ್ಲಿ ನಿಲ್ಲಿಸಿ ಗುಂಡಿಕ್ಕಲಾಯಿತು. ಒಳ್ಳೆಯದನ್ನು ಆರಿಸುವುದೇ ಅಸಾಧ್ಯವಾಗುವ ಸ್ಥಿತಿಯನ್ನು 1951ರಲ್ಲಿ ಅಷ್ಟು ನಿಖರವಾಗಿ ಬಣ್ಣಿಸಿದವಳು 1963ರಲ್ಲಿ ಅದನ್ನು ಈ ನಾಯಕರಿಗೆ ಅನ್ವಯಿಸಲಿಲ್ಲ ಎಂಬುದು ಆಕೆಯ ವಿರುದ್ಧದ ಗಟ್ಟಿ ಆಕ್ಷೇಪ. ಮಂಡಳಿಗಳ ಬಗ್ಗೆ ಇಸಾಯ ಟ್ರುಂಕ್ 1972ರಲ್ಲಿ ಪ್ರಕಟಿಸಿದ ವಿಸ್ತಾರವಾದ ಅಧ್ಯಯನ, ಊರಿಂದೂರಿಗೆ ಅವುಗಳ ನಡೆ ಎಷ್ಟು ಬೇರೆಯಾಗಿತ್ತೆಂಬುದನ್ನು ತೋರಿಸಿತು.

ಗೆಳೆಯ ಗೆರ್ಶೋಮ್ ಶೋಲೆಮ್ 1963ರ ಜೂನ್‌ನಲ್ಲಿ ಬರೆದ ಪತ್ರದಲ್ಲಿ ಪುಸ್ತಕದ ದನಿ ಹೃದಯಹೀನ, ನಿನ್ನಲ್ಲಿ ಯಹೂದಿ ಜನರ ಮೇಲೆ ಪ್ರೀತಿಯಿಲ್ಲ ಎಂದ. ಅರೆಂಟ್ ಕೊಟ್ಟ ಉತ್ತರ ಅವಳ ಅಸ್ಮಿತೆಯ ವಿಚಾರದ ಅತಿ ಸ್ಪಷ್ಟ ರೂಪ. ಯಹೂದಿಯಾಗಿರುವುದು ತನ್ನ ಬಾಳಿನ ಪ್ರಶ್ನಾತೀತ ಸಂಗತಿ, ಅದನ್ನು ಬದಲಿಸುವ ಆಸೆ ಎಂದೂ ಇರಲಿಲ್ಲ. ಆದರೆ ಯಾವ ಜನಾಂಗವನ್ನೂ, ಯಾವ ಸಮೂಹವನ್ನೂ ತಾನು ಪ್ರೀತಿಸಿದ್ದಿಲ್ಲ, ಪ್ರೀತಿಸುವುದು ಗೆಳೆಯರನ್ನು ಮಾತ್ರ. ತನ್ನವರು ಮಾಡಿದ ತಪ್ಪು ಬೇರೆಯವರ ತಪ್ಪಿಗಿಂತ ತನ್ನನ್ನು ಹೆಚ್ಚು ನೋಯಿಸುತ್ತದೆ ಎಂದೂ ಬರೆದಳು. ಅದೇ ಪತ್ರದಲ್ಲಿ ಕೇಡು ಆಮೂಲವಲ್ಲ, ಅದಕ್ಕೆ ಆಳವಿಲ್ಲ, ಬೂಷ್ಟಿನಂತೆ ಮೇಲ್ಮೈಯಲ್ಲಿ ಹಬ್ಬುತ್ತದೆ ಎಂದು ಹೇಳಿ 1951ರ ತನ್ನ ಮಾತನ್ನು ತಿದ್ದಿಕೊಂಡಳು. ಶೋಲೆಮ್ ಜೊತೆಗಿನ ಸ್ನೇಹ ಮುರಿಯಿತು. ಹಳೆಯ ಹಿತೈಷಿ ಬ್ಲೂಮೆನ್‌ಫೆಲ್ಡ್ ಅದೇ ವರ್ಷ ತೀರಿಕೊಂಡ, ಮನಸ್ತಾಪ ತಿಳಿಯಾಗಲೇ ಇಲ್ಲ.

ನಂತರದ ಓದು

ಅರೆಂಟ್ 1975ರ ಡಿಸೆಂಬರ್ 4ರಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡಳು. 'ದಿ ಲೈಫ್ ಆಫ್ ದಿ ಮೈಂಡ್' ಅಪೂರ್ಣವಾಗಿತ್ತು. ಐಕ್ಮನ್ ಬಗೆಗಿನ ಆಕೆಯ ಚಿತ್ರಣವನ್ನು ತತ್ತ್ವಶಾಸ್ತ್ರಜ್ಞೆ ಬೆಟ್ಟಿನಾ ಸ್ಟಾಂಗ್ನೆತ್ 2011ರಲ್ಲಿ ಬಲವಾಗಿ ಪ್ರಶ್ನಿಸಿದಳು. ಅರ್ಜೆಂಟೀನಾದಲ್ಲಿ ಐಕ್ಮನ್ ತನ್ನ ನಾತ್ಸಿ ಗೆಳೆಯರ ಮುಂದೆ ಕೊಟ್ಟ ಧ್ವನಿಮುದ್ರಿತ ಸಂದರ್ಶನಗಳಲ್ಲಿ ಕಾಣುವವನು ಯೋಚನೆಯಿಲ್ಲದ ಗುಮಾಸ್ತನಲ್ಲ, ತನ್ನ ಕೆಲಸದ ಬಗ್ಗೆ ಹೆಮ್ಮೆಪಡುವ ಕಟ್ಟಾ ಯಹೂದಿದ್ವೇಷಿ. ಜೆರುಸಲೇಮ್‌ನಲ್ಲಿ ಆತ ನಟಿಸಿದ್ದು ಅರೆಂಟ್‌ಗೆ ಗೊತ್ತಾಗಲಿಲ್ಲ ಎಂದಾಯಿತು. ಆಕೆಯ ಪರ ವಹಿಸುವವರು, ಸಿದ್ಧಾಂತದ ತರ್ಕಕ್ಕೆ ಒಪ್ಪಿಸಿಕೊಂಡವನ ಯೋಚನಾಹೀನತೆಯನ್ನೇ ಆಕೆ ಹೇಳಿದ್ದು ಎನ್ನುತ್ತಾರೆ. ಅದು 1951ರ ಪುಸ್ತಕಕ್ಕೆ ಹೊಂದುತ್ತದೆ, 1963ರ ಪುಸ್ತಕಕ್ಕೆ ಅಷ್ಟಾಗಿ ಹೊಂದುವುದಿಲ್ಲ.

ಇನ್ನೊಂದು ಕಡೆಯ ಟೀಕೆ ಆಫ್ರಿಕಾದ ಬಗೆಗಿನ ಪುಟಗಳದ್ದು. ಜನಾಂಗವಾದವನ್ನು ಖಂಡಿಸುವ ಆ ಪುಟಗಳಲ್ಲೇ ಆಫ್ರಿಕದ ಜನರು ಚರಿತ್ರೆಯಿಲ್ಲದ, ಪ್ರಕೃತಿಯ ಪಾಲಾದ ಜನರಾಗಿ ಕಾಣಿಸಿಕೊಳ್ಳುತ್ತಾರೆ. ಲಿಟ್ಲ್‌ರಾಕ್ ಮೊದಲಾದ ಅಮೆರಿಕದ ದಕ್ಷಿಣದ ಊರುಗಳ ಶಾಲೆಗಳಲ್ಲಿ ಕರಿಯ ಮಕ್ಕಳನ್ನು ಸೇರಿಸುವುದರ ಬಗ್ಗೆ 1959ರಲ್ಲಿ ಬರೆದ ಲೇಖನದಲ್ಲಿ, ಆ ಮಕ್ಕಳ ತಂದೆತಾಯಿ ಸಾಮಾಜಿಕ ಏಳಿಗೆಯ ಪರ್ವೆನ್ಯೂ ಆಸೆಗೆ ಬಿದ್ದರೆಂಬ ಧಾಟಿಯಿತ್ತು. ಆ ತಂದೆತಾಯಿ ಮಕ್ಕಳನ್ನು ಕಳುಹಿಸುತ್ತಿರುವುದು ಭಯವನ್ನು ಎದುರಿಸುವ ದೀಕ್ಷೆಗೆ, ಅದು ಅರೆಂಟ್‌ಗೆ ತಿಳಿದೇ ಇಲ್ಲ ಎಂದು ಕಾದಂಬರಿಕಾರ ರಾಲ್ಫ್ ಎಲಿಸನ್ ಆಕ್ಷೇಪಿಸಿದ. ಆತ ಹೇಳಿದ್ದು ಸರಿ ಎಂದು ಆಕೆ ಅವನಿಗೆ ಪತ್ರ ಬರೆದು ಒಪ್ಪಿಕೊಂಡಳು. ಕೋನಿಗ್ಸ್‌ಬರ್ಗ್‌ನ ಮಗುವಿನ ಅನುಭವವನ್ನು ಲಿಟ್ಲ್‌ರಾಕ್‌ನ ಮಗುವಿನ ಮೇಲೆ ಹೊರಿಸಿದ್ದು ಕೆಲಸಕ್ಕೆ ಬರಲಿಲ್ಲ.

'ಐಕ್ಮನ್ ಇನ್ ಜೆರುಸಲೇಮ್' ಹೀಬ್ರೂ ಭಾಷೆಗೆ ಬಂದದ್ದು 2000ದಲ್ಲಿ. ಆಕೆಯ ಯಹೂದಿ ಬರಹಗಳ ಮೊದಲ ಸಂಕಲನ 1978ರಲ್ಲೂ ಹೆಚ್ಚು ವಿಸ್ತಾರವಾದ ಸಂಕಲನ 2007ರಲ್ಲೂ ಹೊರಬಂದ ಮೇಲೆ 'ಔಫ್‌ಬೌ' ಲೇಖನಗಳನ್ನೂ ಒಕ್ಕೂಟದ ಪ್ರಸ್ತಾವಗಳನ್ನೂ ಸಿದ್ಧಾಂತದ ವಿದ್ಯಾರ್ಥಿಗಳು ಓದತೊಡಗಿದರು. ನಿರಾಶ್ರಿತರ ಹಕ್ಕಿನ ಚರ್ಚೆಯಲ್ಲಿ ಸೈಲಾ ಬೆನ್‌ಹಬೀಬ್, ಜಾರ್ಜೋ ಅಗಾಂಬೆನ್ ಮೊದಲಾದವರು ಹೊರಡುವುದು ಹಕ್ಕು ಪಡೆಯುವ ಹಕ್ಕಿನ ಅಧ್ಯಾಯದಿಂದಲೇ. 2023ರ ಡಿಸೆಂಬರ್‌ನಲ್ಲಿ ಜರ್ಮನಿಯ ಬ್ರೆಮನ್ ನಗರದಲ್ಲಿ ಆಕೆಯ ಹೆಸರಿನ ಪ್ರಶಸ್ತಿಯನ್ನು ಮಾಷಾ ಗೆಸ್ಸೆನ್ ಅವರಿಗೆ ಕೊಡುವುದಿತ್ತು. ಗಾಜಾವನ್ನು ನಾತ್ಸಿ ಕಾಲದ ಯಹೂದಿ ಗೆಟ್ಟೊಗಳಿಗೆ ಹೋಲಿಸಿ ಗೆಸ್ಸೆನ್ ಬರೆದಿದ್ದ ಪ್ರಬಂಧದ ಕಾರಣಕ್ಕೆ ಹೈನ್ರಿಕ್ ಬೋಲ್ ಪ್ರತಿಷ್ಠಾನ ಮತ್ತು ಬ್ರೆಮನ್ ಆಡಳಿತ ಸಮಾರಂಭದಿಂದ ಹಿಂದೆ ಸರಿದವು, ಪ್ರಶಸ್ತಿಯನ್ನು ಪೊಲೀಸ್ ಕಾವಲಿನಲ್ಲಿ ಚಿಕ್ಕ ಸಭೆಯೊಂದರಲ್ಲಿ ಕೊಡಲಾಯಿತು. ಪತ್ರಿಕೆಗಳಲ್ಲಿ ಆಗ ಚರ್ಚೆಗೆ ಬಂದದ್ದು ಅರೆಂಟ್ ಸಹಿ ಹಾಕಿದ್ದ 1948ರ ಡಿಸೆಂಬರ್ 4ರ ಪತ್ರ.